ರೋಗವಿಲ್ಲದ ಗಿಟಾರು ಯಾರಿಗೆ ಬೇಕು?

ಒಮ್ಮೆ ಶ್ರುತಿ ಮಾಡಿಟ್ಟರೆ ಸಂಜೆಯವರೆಗೂ ಅಲುಗದೆ ನಿಲ್ಲುವ ಎಲೆಕ್ಟ್ರಿಕ್ ಗಿಟಾರನ್ನು ಕೈಗಿತ್ತರೆ ಮುಖ ಬಾಡಿಸಿಕೊಳ್ಳುವವರ ಪಂಗಡವೊಂದು ಅಮೆರಿಕದಲ್ಲಿದೆ. ಇಂಗ್ಲೆಂಡು, ಜಪಾನುಗಳಲ್ಲೂ ಉಂಟು. ಈ ಪಂಗಡದ ಮಹಾಶಯನಿಗೆ ಬೇಕಾದದ್ದು ಏನಾದರೊಂದು ರೋಗವಿರುವ ಗಿಟಾರು. ಅವನ ಮೇಜಿನ ಮೇಲೆ ಅಲನ್ ಕೀ, ಬೆಸುಗೆಯ ತಂತಿ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪು (ಅದೂ ಕರುಳು ಹೊರಬಿದ್ದದ್ದು) ಇವೇ ಕಾಣುತ್ತವೆ. ಮನೆಗೆ ಬಂದವರು ಒಂದು ಹಾಡು ನುಡಿಸಿ ಎಂದರೆ, ಇನ್ನೊಂದು ಸ್ಕ್ರೂ ಬಾಕಿಯಿದೆ ಎನ್ನುತ್ತಾನೆ. ಇವನಿಗೆ ನುಡಿಸಲು ಬಾರದು, ಅದಕ್ಕೇ ಈ ನೆವ ಎಂದು ಲೋಕ ತೀರ್ಪು ಕೊಟ್ಟುಬಿಟ್ಟಿದೆ. ನನ್ನ ವಾದ ಬೇರೆ: ರಿಪೇರಿಯೇ ಇವನ ರಿಯಾಜು, ಅದರಿಂದ ಸಂಗೀತಕ್ಕೆ ಲಾಭವೇ ಆಗಿದೆ.

ಇವನ ಕುಲದೈವ ಫೆಂಡರ್ ಕಂಪನಿಯ ಜಾಝ್‌ಮಾಸ್ಟರ್. 1958ರಲ್ಲಿ ಜಾಝ್ ವಾದಕರಿಗೆಂದೇ ಹೊರಬಂತು. ಅವರಲ್ಲಿ ಹೆಚ್ಚಿನವರು ಒಲ್ಲೆ ಎಂದರು, ಸರ್ಫ್ ಸಂಗೀತದ ಹುಡುಗರು ಎತ್ತಿಕೊಂಡರು. ಇದರ ಬ್ರಿಜ್ಜು, ಅಂದರೆ ವೀಣೆಯಲ್ಲಿ ನಾವು ಕುದುರೆ ಎನ್ನುವ ಭಾಗ, ಹಿಂದೆಮುಂದೆ ಓಲಾಡುತ್ತದೆ. ಓಲಾಡಲೆಂದೇ ಮಾಡಿದ್ದು: ಶ್ರುತಿಯನ್ನು ಕುಲುಕಿಸುವ ಟ್ರೆಮೊಲೊ ಕಡ್ಡಿ ಒತ್ತಿದಾಗ ತಂತಿಯ ಜೊತೆ ಅದೂ ಬಾಗಬೇಕು. ಆದರೆ ಕೊಂಚ ಜೋರಾಗಿ ಮೀಟಿದಿರೋ, ದೀಪಾವಳಿಗೆ ಬಂದ ಹೊಸ ಅಳಿಯನಂತೆ ತಂತಿ ಮುನಿಸಿಕೊಂಡು, ಕೂತ ಜಾಗ ಬಿಟ್ಟು ಪಕ್ಕಕ್ಕೆ ಜಿಗಿಯುತ್ತದೆ. ಮೇಲ್ಗಡೆ ಬೇರೊಂದು ಸ್ವಿಚ್ಚು. ಕೈ ತಗುಲಿದರೆ ಹಾಡಿನ ನಡುವೆಯೇ ನಾದ ಮಂಕು. ನಮ್ಮ ನಾಯಕ ಬ್ರಿಜ್ಜಿನ ಕಾಲಿಗೆ ಟೇಪು ಸುತ್ತುತ್ತಾನೆ, ಕುತ್ತಿಗೆಯ ಬುಡಕ್ಕೆ ವಿಸಿಟಿಂಗ್ ಕಾರ್ಡಿನ ಚೂರು ತುರುಕುತ್ತಾನೆ, ಕಡೆಗೆ ಮಸ್ಟಾಂಗ್ ಗಿಟಾರಿನ ಬ್ರಿಜ್ಜನ್ನೇ ತಂದು ಕೂರಿಸುತ್ತಾನೆ. ಇಷ್ಟೆಲ್ಲ ಆದ ಮೇಲೆ ರೋಗದ ಮೂಲ ತಿಳಿಯುತ್ತದೆ: ಅದು ಆ ಕಾಲದ ದಪ್ಪ ತಂತಿಗಳಿಗೆಂದು ಮಾಡಿದ ಬ್ರಿಜ್ಜು, ಆಮೇಲೆ ಬಂದ ತೆಳು ತಂತಿಗಳ ಒತ್ತಡ ಸಾಲದು. ದಪ್ಪ ತಂತಿ ಹಾಕಿದರೆ ಅರ್ಧ ಕಾಯಿಲೆ ವಾಸಿ. ವಾಸಿಯಾದದ್ದಕ್ಕೆ ಅವನಿಗೆ ಸಂತೋಷವೇನೂ ಇಲ್ಲ. ಮರುದಿನವೇ ಪಿಕಪ್ಪು ಬಿಚ್ಚಿ ಕೂತಿರುತ್ತಾನೆ.

ಇಷ್ಟು ಪಾಡೇಕೆ, ಸುಮ್ಮನೆ ಅದೇ ಕಂಪನಿಯ ಒಂದು ಸ್ಟ್ರಾಟೊಕಾಸ್ಟರ್ ಕೊಳ್ಳಬಾರದೇ ಎಂದರೆ ಪ್ರಶ್ನೆ ನ್ಯಾಯವೇ. ಆದರೆ 1980ರ ಹೊತ್ತಿಗೆ ಕಂಪನಿ ಜಾಝ್‌ಮಾಸ್ಟರನ್ನು ಕೈಬಿಟ್ಟಾಗ ಹಳೆಯವು ಅಗ್ಗವಾದವು, ಜೇಬು ಖಾಲಿಯಿದ್ದವರ ಪಾಲಾದವು. ಸೋನಿಕ್ ಯೂತ್ ಎಂಬ ರಾಕ್ ತಂಡದವರು ಬೇಡದ ಸ್ವಿಚ್ಚುಗಳನ್ನು ಕಿತ್ತುಹಾಕಿ, ಬ್ರಿಜ್ಜಿನ ಹಿಂದೆ ಉಳಿಯುವ ತಂತಿಯನ್ನು ಮೀಟಿ ಹೊಸ ನಾದ ಹೊರಡಿಸಿದರು. ಸ್ಟ್ರಾಟೊಕಾಸ್ಟರಿನಲ್ಲಿ ಹಾಗೆ ಮೀಟಲು ಹಿಂದುಗಡೆ ತಂತಿಯೇ ಇಲ್ಲ. 1999ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರ ವಾದ್ಯಗಳ ಲಾರಿ ಕಳುವಾಯಿತು. ಅಂಗಡಿಯಲ್ಲಿ ಗಿಟಾರುಗಳಿಗೆ ಬರವಿರಲಿಲ್ಲ. ಹಾಡುಹಾಡಿಗೆ ಬೇರೆ ಶ್ರುತಿ ಮಾಡಿ ತಿದ್ದಿಟ್ಟಿದ್ದ ಆ ಗಿಟಾರುಗಳು ಮಾತ್ರ ಯಾವ ಅಂಗಡಿಯಲ್ಲೂ ಸಿಗುವಂತಿರಲಿಲ್ಲ. ಬಿಚ್ಚಿದರೆ ಬೆಲೆ ಬೀಳುತ್ತದೆ ಎಂಬುದು ಲೆಕ್ಕದವರ ತಕರಾರು. ಹಳೆಯ ಗಿಟಾರುಗಳ ಮಟ್ಟಿಗೆ ಅದು ನಿಜ. ಆದರೂ ರಾಕ್ ಗಿಟಾರು ವಾದಕ ಬ್ರಯಾನ್ ಮೇ 1963ರಲ್ಲಿ ತಂದೆಯೊಡನೆ ಅಗ್ಗಿಷ್ಟಿಕೆಯ ಮರ, ಮೋಟರ್‌ಸೈಕಲ್ಲಿನ ಸ್ಪ್ರಿಂಗು ಸೇರಿಸಿ ಕಟ್ಟತೊಡಗಿದ ಗಿಟಾರಿಗೆ ಇಂದು ಬೆಲೆ ಕಟ್ಟುವವರು ಯಾರು?

ಬಿಚ್ಚಿದವರೆಲ್ಲ ಬ್ರಯಾನ್ ಮೇ ಆಗುವುದಿಲ್ಲ, ಒಪ್ಪಿದೆ. ಹೆಚ್ಚಿನವರ ಗಿಟಾರು ಹೊಟ್ಟೆ ಬಗೆಸಿಕೊಂಡು ಮಂಚದ ಕೆಳಗೇ ಇರುತ್ತದೆ. ಇಂಥವನಿಂದ ಗಿಟಾರು ಕೊಳ್ಳುವ ಯೋಗ ನಿಮಗೆ ಬಂದರೆ, ಕಿತ್ತಿಟ್ಟ ಮೂಲ ಭಾಗಗಳ ಡಬ್ಬಿಯನ್ನೂ ಕೇಳಿ ತೆಗೆದುಕೊಳ್ಳಿ.