ಸೈಟಿಗೆ ಎ ಖಾತಾ, ಹುಡುಗನಿಗೆ ಬಿ ಖಾತಾ

ಅಕ್ರಮ-ಸಕ್ರಮ ಎಂಬ ಪದಕ್ಕೆ ನಮ್ಮ ಯಲಹಂಕದ ಕಡೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮೂರು ಅಂತಸ್ತಿಗೆ ಪ್ಲಾನು, ಐದು ಅಂತಸ್ತಿಗೆ ಬಾಡಿಗೆ. ಇಂಥ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಹೆಸರಿನ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಕಟ್ಟಡಗಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. 2025ರಲ್ಲಿ, ದುಡ್ಡು ಕಟ್ಟಿದರೆ ನಿಯಮ ತಪ್ಪಿದ ಬಿ ಖಾತಾ ಸೈಟು ಸಕ್ರಮದ ಎ ಖಾತಾ ಆಗುವ ಭಾಗ್ಯವೂ ಬಂತು.

ಮನುಷ್ಯನಿಗೆ ಮಾತ್ರ ಆ ಕೌಂಟರ್ ತೆರೆದಿಲ್ಲ.

ಒಬ್ಬ ಹುಡುಗ ಇದ್ದಾನೆ ಅಂದುಕೊಳ್ಳಿ. ಇಪ್ಪತ್ತರ ವಯಸ್ಸಲ್ಲಿ ಯಶವಂತಪುರ ಮಾರ್ಕೆಟ್ಟಿನ ಈರುಳ್ಳಿ ಮೂಟೆಗಳ ನಡುವೆ ಯಾರಿಗೋ ಎರಡು ಬಾರಿಸಿದ. ಇಪ್ಪತ್ತೊಂದು ತುಂಬದವನನ್ನು ಸುಮ್ಮಸುಮ್ಮನೆ ಜೈಲಿಗೆ ತಳ್ಳಬೇಡಿ ಅನ್ನುತ್ತದೆ 1958ರ ಪ್ರೊಬೇಷನ್ ಕಾಯ್ದೆ. ಕೋರ್ಟು ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿತು. ಹುಡುಗ ಪರಿವೀಕ್ಷಣಾಧಿಕಾರಿಯ ಮುಂದೆ ಕೈಕಟ್ಟಿ ನಿಂತು ಅವಧಿ ಮುಗಿಸಿದ. ಅದೇ ಕಾಯ್ದೆಯ 12ನೇ ಕಲಂ, ಇಂಥವನಿಗೆ ಅನರ್ಹತೆ ತಟ್ಟಬಾರದು ಎನ್ನುತ್ತದೆ. ಆದರೆ ಅನರ್ಹತೆ ಹೋದರೂ ಅಪರಾಧ ನಿರ್ಣಯ ಅಳಿಯುವುದಿಲ್ಲ ಎಂದು 1990ರಲ್ಲೇ ಸುಪ್ರೀಂ ಕೋರ್ಟು ಹೇಳಿಯಾಗಿದೆ. ಮುಚ್ಚಳಿಕೆ ಮುಗಿಯಿತು, ಮುಚ್ಚಳ ಬೀಳಲಿಲ್ಲ. ಹದಿನೆಂಟು ತುಂಬುವ ಮುಂಚೆಯೇ ಬಾರಿಸಿದ್ದರೆ ಬಾಲನ್ಯಾಯ ಕಾಯ್ದೆಯಡಿ ಕಡತವನ್ನೇ ನಾಶ ಮಾಡುತ್ತಿದ್ದರು. ಹೊಡೆದಾಟಕ್ಕೂ ಮುಹೂರ್ತ ನೋಡಬೇಕು ಸ್ವಾಮಿ.

ಈಗ ಅವನಿಗೆ ಮೂವತ್ತು. ಸರ್ಕಾರಿ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ. ಫಾರಂನಲ್ಲಿ ಒಂದು ಕಾಲಂ: ‘ಯಾವುದಾದರೂ ಪ್ರಕರಣದಲ್ಲಿ ಅಪರಾಧಿ ಎಂದು ತೀರ್ಮಾನವಾಗಿದೆಯೇ?’ ಪೆನ್ನು ಅಲ್ಲೇ ನಿಂತಿದೆ. ಇಲ್ಲ ಎಂದು ಬರೆದರೆ, ಮಾಹಿತಿ ಮುಚ್ಚಿಟ್ಟೆ ಎಂದು ತೆಗೆದುಹಾಕಬಹುದು. ಹೌದು ಎಂದು ಬರೆದರೆ, ತೆಗೆದುಕೊಳ್ಳಲೇಬೇಕೆಂದೇನೂ ಇಲ್ಲ. ಎರಡೂ ಸುಪ್ರೀಂ ಕೋರ್ಟಿನ 2016ರ ಅವತಾರ್ ಸಿಂಗ್ ತೀರ್ಪಿನಲ್ಲೇ ಇವೆ. ನಿಜ ಹೇಳಿದವನಿಗೆ ಸಿಗುವ ಸವಲತ್ತು ಇಷ್ಟೇ: ಕೆಲಸಕ್ಕೆ ಸೇರಿದ ಮೇಲೆ ಕಳಕೊಳ್ಳುವ ಬದಲು ಸೇರುವ ಮುಂಚೆಯೇ ಕಳಕೊಳ್ಳಬಹುದು.

ನೊಂದವನಿಗೆ ಹೆಬ್ಬಾಳದ ವಕೀಲರೊಬ್ಬರು ಕಾಫಿ ಕುಡಿಸಿ ದಾರಿ ತೋರಿಸಿದರು ಅನ್ನೋಣ.

“ಎಲೆಕ್ಷನ್‌ಗೆ ನಿಲ್ಲಪ್ಪ. ಅಲ್ಲಿ ಲೆಕ್ಕ ಹಾಕೋದು ಎರಡು ವರ್ಷದ ಶಿಕ್ಷೆಯಿಂದ ಮೇಲಕ್ಕೆ. ನಿನಗೆ ಜೈಲೇ ಆಗಿಲ್ವಲ್ಲ.”

“ಅಲ್ಲಿ ಫಾರಂ ಇರಲ್ವಾ ಸಾರ್?”

“ಇರುತ್ತೆ. ಅಫಿಡವಿಟ್ಟಲ್ಲಿ ಕೇಸು ಬರಿಬೇಕು. ಬರೆದರೆ ನಾಮಪತ್ರ ಊರ್ಜಿತ.”

“ನಾನು ಓಡಿಸಬೇಕು ಅಂದ್ಕೊಂಡಿದ್ದ ಕಾರು?”

“ಹಿಂದಿನ ಸೀಟಲ್ಲಿ ಕೂತ್ಕೊ.”

“ಠೇವಣಿ ಎಷ್ಟು ಸಾರ್?”

“ವಿಧಾನಸಭೆಗೆ ಹತ್ತು ಸಾವಿರ.”

ಹುಡುಗ ಲೋಟ ಕೆಳಗಿಟ್ಟ. “ಮುಚ್ಚಳಿಕೆಗೂ ಅಷ್ಟೇ ಬರೆಸ್ಕೊಂಡಿದ್ರು ಸಾರ್.”