ಬ್ರೀಫ್ ಮೀಮಾಂಸೆ

ಜಾಹೀರಾತು ಬರೆಯುವವನು ಕೆಲಸಕ್ಕೆ ಕೂರುವ ಮುನ್ನ ಕ್ಲೈಂಟಿನ ಬಾಯಿ ಬಿಡಿಸಿ ಪಡೆಯಬೇಕಾದ ಜ್ಞಾನವೇ ಬ್ರೀಫ್. ಇದು ವಿಲಾಯಿತಿ ಶಾಸ್ತ್ರವೆಂದು ಚೆನ್ನೈನ ಮೌಂಟ್ ರೋಡಿನಲ್ಲಿ ಪ್ರತೀತಿ. ಅದು ಅಜ್ಞಾನ. 13ನೆಯ ಶತಮಾನದಲ್ಲೇ ಜೈನಮುನಿ ಪವಣಂದಿ ತನ್ನ ತಮಿಳು ವ್ಯಾಕರಣ ‘ನನ್ನೂಲ್’ನಲ್ಲಿ, ಗ್ರಂಥದ ಪೀಠಿಕೆ 8 ಸಂಗತಿ ತಿಳಿಸಬೇಕೆಂದು ವಿಧಿಸಿದ್ದಾನೆ. ಯಾವ ಸೀಮೆಗೆ, ಏನು ವಿಷಯ, ಕೇಳುವವರು ಯಾರು, ಪ್ರಯೋಜನವೇನು ಎಂಬ ನಾಲ್ಕು ಅದರಲ್ಲಿವೆ. ಇವತ್ತಿನ ಬ್ರೀಫ್ ಫಾರಮ್ಮಿನಲ್ಲೂ ಇರುವುದು ಇವೇ, ಖಾಲಿ ಬಿಡುವುದೂ ಇವನ್ನೇ.

ಆ ಗ್ರಂಥಕ್ಕೂ ಒಬ್ಬ ಕ್ಲೈಂಟ್ ಇದ್ದ: ಗಂಗವಂಶದ ಸೀಯಗಂಗ. ಅಂದರೆ ಹೆಚ್ಚುಕಡಿಮೆ ನಮ್ಮ ಕಡೆಯವನೇ. ಅವನ ಬ್ರೀಫು ಸ್ಪಷ್ಟವಾಗಿತ್ತು. ಅಕ್ಷರ, ಪದ, ವಸ್ತು, ಛಂದಸ್ಸು, ಅಲಂಕಾರ, ಒಟ್ಟು 5 ಭಾಗ ಬೇಕು. ಇಂದು ನಮಗೆ ಸಿಗುತ್ತಿರುವುದು ಮೊದಲ 2. ಎರಡನೇ ಕಂತಿನ ದುಡ್ಡು ಮುನಿಗೆ ತಲುಪಿತ್ತೇ ಎಂಬ ದಿಕ್ಕಿನಲ್ಲಿ ಯಾವ ವಿದ್ವಾಂಸನೂ ಇನ್ನೂ ಯೋಚಿಸಿದಂತಿಲ್ಲ.

ಇನ್ನು ದೃಷ್ಟಾಂತ. ಚೆನ್ನೈಯದೇ ಒಂದು ಎಳ್ಳೆಣ್ಣೆ ಕಂಪನಿ ಎಂದಿಟ್ಟುಕೊಳ್ಳಿ. “ತಮಿಳ್ ಆಡ್ ಇದೆ ಸಾರ್, ಅದೇ ಥರ ಕನ್ನಡದಲ್ಲಿ ಹೊಡೆದುಬಿಡಿ. ಸಾಯಂಕಾಲಕ್ಕೆ ಬೇಕು.” ಸೀಮೆ? “ಕರ್ನಾಟಕ.” ಕೇಳುವವರು? “ಎಲ್ಲಾ ಫ್ಯಾಮಿಲೀಸ್.” ಡೇವಿಡ್ ಓಗಿಲ್ವಿ ರೋಲ್ಸ್ ರಾಯ್ಸ್ ಜಾಹೀರಾತು ಬರೆಯುವ ಮೊದಲು ಮೂರು ವಾರ ಆ ಕಾರಿನ ಬಗ್ಗೆಯೇ ಓದಿದನಂತೆ. ನಮಗೆ ಐದು ಗಂಟೆಯವರೆಗೆ ಪುರುಸೊತ್ತಿದೆ, ಅದರಲ್ಲಿ ಊಟದ ಹೊತ್ತು ಕಳೆಯತಕ್ಕದ್ದು.

ತಮಿಳು ಜಾಹೀರಾತಿನಲ್ಲಿ ಅಜ್ಜಿ ಇಡ್ಲಿಪುಡಿಯ ನಡುವೆ ಬೆರಳಲ್ಲಿ ಗುಳಿ ಮಾಡಿ ಎಣ್ಣೆ ಹೊಯ್ಯುತ್ತಾಳೆ. ಭಾಷ್ಯಕಾರ ಮುಗ್ಗರಿಸುವುದು ಆ ಗುಳಿಯಲ್ಲೇ. ಮಂಗಳೂರಿನಲ್ಲಿ ಅಲ್ಲಿಗೆ ಬೀಳುವುದು ತೆಂಗಿನೆಣ್ಣೆ. ವಿಜಯಪುರದಲ್ಲಿ ರೊಟ್ಟಿಯ ಪಕ್ಕದ ಶೇಂಗಾ ಚಟ್ನಿಗೆ ಕುಸುಬಿ ಎಣ್ಣೆ. ಮಂಡ್ಯದಲ್ಲಿ ಕಡಲೆಕಾಯಿ ಎಣ್ಣೆ. ಎಳ್ಳೆಣ್ಣೆ ಕಾಣಬೇಕಾದರೆ ದೇವರ ಗೂಡಿಗೋ ಶನಿವಾರ ಶನಿಮಹಾತ್ಮನ ಗುಡಿಗೋ ಹೋಗಬೇಕು. ಮೇಲುಕೋಟೆಯ ಪುಳಿಯೋಗರೆ ಅಪವಾದ ನಿಜ, ಆದರೆ ಪ್ರಸಾದ ನಂಬಿ ಗಾಣ ಹೂಡಲಾಗುವುದಿಲ್ಲ.

ಇದಕ್ಕೆ ಪೂರ್ವಪಕ್ಷ: “ನೀವು ಮೊದಲು ಬರೆದು ತೋರಿಸಿ ಸಾರ್, ನೋಡಿ ಹೇಳ್ತೀವಿ.” ಇದು ನೇತಿ ನೇತಿ ಮಾರ್ಗ. ಈ ಡ್ರಾಫ್ಟಲ್ಲ, ಇದೂ ಅಲ್ಲ ಎನ್ನುತ್ತಾ ಅಲ್ಲದ್ದೆಲ್ಲ ಕಳಚಿಬಿದ್ದ ಮೇಲೆ ಉಳಿಯುವುದೇ ಬ್ರೀಫು. ಉಪನಿಷತ್ತಿನ ಋಷಿಗಳಿಗೆ ರಿಲೀಸ್ ಡೇಟ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಕಾಪಿರೈಟರು ತೆಂಗಿನ ಸೀಮೆಗೊಂದು, ಕುಸುಬಿ ಸೀಮೆಗೊಂದು, ಪುಳಿಯೋಗರೆಗೆಂದೇ ಇನ್ನೊಂದು ಬರೆದು ಸಂಜೆಯೊಳಗೆ ಕಳುಹಿಸಿದ. ಉತ್ತರ ಬಂದದ್ದು ಮುಂದಿನ ವಾರ.

“ಎಲ್ಲಾ ಸೂಪರ್ ಸಾರ್. ಆದರೆ ಊಟತಿಂಡಿ ಮಾತು ಯಾಕೆ ಹಾಕಿದ್ರಿ? ಕರ್ನಾಟಕಕ್ಕೆ ನಾವು ಬಿಡ್ತಿರೋದು ದೀಪದ ಎಣ್ಣೆ. ತಮಿಳ್ ಆಡ್ ಕೊಟ್ಟಿದ್ದು ಎಷ್ಟು ಸೆಕೆಂಡ್ ಇರ್ಬೇಕು ಅಂತ ಗೊತ್ತಾಗ್ಲಿ ಅಂತ.”