ಬಾಡಿಗೆ ಸ್ಕೂಟರಿನ ಹಿನ್ನೆಲೆಯಲ್ಲಿ ದ್ವೀಪಲಕ್ಷಣ: ಒಂದು ಅಧ್ಯಯನ

ದ್ವೀಪ ಎಂದರೇನು ಎಂದು ಕೇಳಿದರೆ, ನಾಲ್ಕೂ ದಿಕ್ಕಿನಲ್ಲಿ ನೀರಿರುವ ಭೂಭಾಗ ಎಂದು ಐದನೇ ಕ್ಲಾಸಿನ ಹುಡುಗನೂ ಉಸಿರು ಬಿಡದೆ ಹೇಳುತ್ತಾನೆ. ಬಾಯಿಪಾಠಕ್ಕೆ ಇದು ಸಾಕು, ಶಾಸ್ತ್ರಕ್ಕೆ ಸಾಲದು. ನಮ್ಮ ತಾರ್ಕಿಕರು ಯಾವುದೇ ಲಕ್ಷಣವನ್ನು ಒಪ್ಪುವ ಮೊದಲು ಅದರಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿವೆಯೇ ಎಂದು ಹುಡುಕುತ್ತಿದ್ದರು. ಹಸುವೆಂದರೆ ಕೊಂಬಿರುವ ಪ್ರಾಣಿ ಎಂದುಬಿಟ್ಟರೆ ಎಮ್ಮೆಯೂ ಹಸುವಾಗುತ್ತದೆ, ಅದು ಅತಿವ್ಯಾಪ್ತಿ. ಹಸುವೆಂದರೆ ಕಪಿಲ ಬಣ್ಣದ ಪ್ರಾಣಿ ಎಂದರೆ ಬಿಳಿ ಹಸು ಕೊಟ್ಟಿಗೆಯಿಂದ ಹೊರಗೆ ಉಳಿಯುತ್ತದೆ, ಅದು ಅವ್ಯಾಪ್ತಿ. ಇದೇ ಪರೀಕ್ಷೆಗೆ ಶಾಲೆಯ ದ್ವೀಪವನ್ನು ಒಡ್ಡಿದರೆ ಅದು ಮೊದಲ ಸುತ್ತಿನಲ್ಲೇ ಮುಳುಗುತ್ತದೆ. ಆಸ್ಟ್ರೇಲಿಯಾದ ಸುತ್ತ ನೀರಿದೆ, ಅದು ಖಂಡವಂತೆ. ಗ್ರೀನ್‌ಲ್ಯಾಂಡಿನ ಸುತ್ತಲೂ ನೀರಿದೆ, ಅದು ದ್ವೀಪವಂತೆ. ಇನ್ನು ಶ್ರೀರಂಗಪಟ್ಟಣದ ಎರಡೂ ಮಗ್ಗುಲಲ್ಲಿ ಕಾವೇರಿಯ ಕವಲುಗಳು ಹರಿಯುತ್ತವೆ. ಲಕ್ಷಣ ಅಕ್ಷರಶಃ ಸಲ್ಲುತ್ತದೆ. ಆದರೂ ಮೈಸೂರಿನಲ್ಲಿ ಬಸ್ಸು ಹತ್ತಿ ರಂಗನಾಥನ ದರ್ಶನ ಮಾಡಿ ಬಂದವರು ದ್ವೀಪಪ್ರವಾಸ ಮುಗಿಸಿದೆವೆಂದು ಆಫೀಸಿನಲ್ಲಿ ಹೇಳಿಕೊಂಡದ್ದಿಲ್ಲ. ಆದ್ದರಿಂದ ನೀರು ದ್ವೀಪದ ಲಕ್ಷಣವಾಗಲಾರದು. ಅದು ಎಮ್ಮೆಯ ಕೊಂಬು.

ಈ ಪ್ರಬಂಧ ಮಂಡಿಸುವ ಹೊಸ ಲಕ್ಷಣ ಹೀಗಿದೆ: ಬಾಡಿಗೆ ಸ್ಕೂಟರಿನ ಪೆಟ್ರೋಲು ಮುಗಿಯುವುದಕ್ಕೆ ಮೊದಲೇ ಎಲ್ಲ ರಸ್ತೆಗಳೂ ಮುಗಿದುಹೋಗುವ ಭೂಭಾಗವೇ ದ್ವೀಪ. ಇಲ್ಲಿನ ಒಂದೊಂದು ಪದಕ್ಕೂ ಕೆಲಸವಿದೆ. ‘ಎಲ್ಲ’ ಎಂಬ ಪದವಿಲ್ಲದಿದ್ದರೆ ಮಲ್ಲೇಶ್ವರದ ಪ್ರತಿಯೊಂದು ಕುರುಡು ಗಲ್ಲಿಯೂ ದ್ವೀಪವಾಗುತ್ತಿತ್ತು; ಆ ಗಲ್ಲಿಯ ಇನ್ನೊಂದು ಬಾಯಿಯಿಂದ ಹೊರಟವನು ಕಾಶ್ಮೀರದವರೆಗೂ ಹೋಗಬಹುದಾದ್ದರಿಂದ ಆ ದೋಷ ತೊಲಗಿತು. ‘ಬಾಡಿಗೆ’ ಎಂಬ ಪದ ಇನ್ನೂ ಮುಖ್ಯ. ಸ್ವಂತ ಸ್ಕೂಟರಿನಲ್ಲಿ ಎಷ್ಟು ಪೆಟ್ರೋಲಿದೆ ಎಂದು ಯಾರೂ ಲೆಕ್ಕ ಇಡುವುದಿಲ್ಲ. ಮುಳ್ಳು ಕೆಂಪಿಗೆ ಬಂದಾಗ ಬಂಕಿಗೆ ಹೋಗುತ್ತಾರೆ. ಬಾಡಿಗೆ ಸ್ಕೂಟರಿನ ಮೇಲೆ ಕೂತ ಮನುಷ್ಯ ಮಾತ್ರ ರಸ್ತೆಗಿಂತ ಹೆಚ್ಚಾಗಿ ಆ ಮುಳ್ಳನ್ನೇ ನೋಡುತ್ತಾನೆ. ನೋಡುವವನಿಲ್ಲದೆ ಅಳತೆಯಿಲ್ಲ, ಅಳತೆಯಿಲ್ಲದೆ ಶಾಸ್ತ್ರವಿಲ್ಲ.

ಲಕ್ಷಣಕ್ಕೆ ಉದಾಹರಣೆ ಬೇಕು. ಅಂಡಮಾನಿನ ಹ್ಯಾವ್‌ಲಾಕ್ ಇದಕ್ಕೆಂದೇ ಮಾಡಿಟ್ಟಂತಿದೆ. 2018ರ ಡಿಸೆಂಬರ್ 30ರಂದು ಇದಕ್ಕೆ ಸ್ವರಾಜ್ ದ್ವೀಪವೆಂದು ಹೆಸರಿಟ್ಟರು. ಹೆಸರು ಬದಲಾದರೂ ರಸ್ತೆ ಒಂದು ಮಾರೂ ಉದ್ದವಾಗಲಿಲ್ಲ ಎಂಬುದು ನಮ್ಮ ವಾದಕ್ಕೆ ಅನುಕೂಲ. ವಿಸ್ತೀರ್ಣ ಸುಮಾರು 92 ಚದರ ಕಿಲೋಮೀಟರು, ಅದರಲ್ಲಿ ಬಹುಪಾಲು ಕಾಡು. ಜೆಟ್ಟಿಯಿಂದ ಹೊರಟ ರಸ್ತೆ ಗೋವಿಂದನಗರದ ಅಂಗಡಿಸಾಲಿನ ಹತ್ತಿರ ಕವಲೊಡೆಯುತ್ತದೆ. ಒಂದು ಕವಲು ಗದ್ದೆ, ಅಡಿಕೆ ತೋಟ, ಕಾಡು ದಾಟಿ ಪಶ್ಚಿಮದ ರಾಧಾನಗರ ಕಡಲತೀರದಲ್ಲಿ ಮುಗಿಯುತ್ತದೆ. 2004ರಲ್ಲಿ ‘ಟೈಮ್’ ಪತ್ರಿಕೆ ಏಷ್ಯಾದಲ್ಲೇ ಅತ್ಯುತ್ತಮವೆಂದು ಆರಿಸಿದ ತೀರ ಇದು. ಇನ್ನೊಂದು ಕವಲು ವಿಜಯನಗರದ ಮೂಲಕ ಪೂರ್ವದ ಕಾಲಾಪತ್ಥರ್ ತೀರದ ಕಡೆಗೆ ಹೋಗಿ ನಿಲ್ಲುತ್ತದೆ. ಎರಡೂ ತುದಿಗಳು ಜೆಟ್ಟಿಯಿಂದ ಹೆಚ್ಚುಕಡಿಮೆ ಹನ್ನೆರಡು ಕಿಲೋಮೀಟರಿನೊಳಗೆ ಇವೆ. ಎರಡನ್ನೂ ಮುಟ್ಟಿ ವಾಪಸು ಬಂದರೂ ಐವತ್ತು ಕಿಲೋಮೀಟರು ತುಂಬುವುದಿಲ್ಲ. ಸಾಮಾನ್ಯ ಸ್ಕೂಟರು ಲೀಟರಿಗೆ ನಲವತ್ತು ಕಿಲೋಮೀಟರು ಓಡುತ್ತದೆಂದು ಇಟ್ಟುಕೊಂಡರೆ ಇಡೀ ದ್ವೀಪಕ್ಕೆ ಒಂದೂಕಾಲು ಲೀಟರು ಸಾಕು. ಟ್ಯಾಂಕಿನಲ್ಲಿ ಹಿಡಿಯುವುದು ಸುಮಾರು ಐದು ಲೀಟರು. ಲಕ್ಷಣ ಸಿದ್ಧವಾಯಿತು.

ಇಲ್ಲಿಗೆ ನಿಲ್ಲಿಸಿದರೆ ಇದು ಬರೀ ಭೂಗೋಳವಾಗಿ ಉಳಿಯುತ್ತದೆ. ನಿಜವಾದ ಫಲ ಅರ್ಥಶಾಸ್ತ್ರದಲ್ಲಿದೆ. ಕಡಿಮೆ ಖರ್ಚಿನ ವಾರಾಂತ್ಯಕ್ಕೆ ಹೊರಟವನ ಲೆಕ್ಕವನ್ನು ಗಮನಿಸಿ. ವಿಮಾನದ ಟಿಕೆಟ್ಟಿಗೆ ಸಾವಿರಗಟ್ಟಲೆ ಕೊಡುತ್ತಾನೆ, ಅಲ್ಲಿ ಚೌಕಾಸಿ ನಡೆಯುವುದಿಲ್ಲ. ಪೋರ್ಟ್ ಬ್ಲೇರಿನಿಂದ, ಅಂದರೆ ಈಗಿನ ಶ್ರೀ ವಿಜಯಪುರಂನಿಂದ, ಹಡಗಿಗೆ ಕೊಡುತ್ತಾನೆ, ಅಲ್ಲೂ ನಡೆಯುವುದಿಲ್ಲ. ಮಿತವ್ಯಯ ಎಂಬ ಗುಣ ಮೊತ್ತ ದೊಡ್ಡದಿದ್ದಾಗ ಮಲಗಿರುತ್ತದೆ, ಮೊತ್ತ ಚಿಕ್ಕದಾದ ಕೂಡಲೇ ಎದ್ದು ಕೂರುತ್ತದೆ. ಹೀಗೆ ಇಡೀ ಪ್ರವಾಸದ ಜಿಪುಣತನವೆಲ್ಲ ಒಟ್ಟುಗೂಡಿ ಕೊನೆಗೆ ಪೆಟ್ರೋಲಿನ ಮೇಲೆ ಬಂದು ಬೀಳುತ್ತದೆ. ಬಾಡಿಗೆ ಸ್ಕೂಟರನ್ನು ಮುಳ್ಳು ನೆಲಕ್ಕೆ ತಾಗಿದ ಸ್ಥಿತಿಯಲ್ಲಿ ಕೊಡುವುದು ಹಲವೆಡೆ ಇರುವ ವಾಡಿಕೆ. ಅಪರಿಚಿತ ಊರು, ನಡುವೆ ಕಾಡು ಎಂಬ ಭಯಕ್ಕೆ ಪ್ರವಾಸಿ ಎರಡು ಲೀಟರು ಹಾಕಿಸುತ್ತಾನೆ. ಒಂದೂಕಾಲು ಲೀಟರಿಗೆ ದ್ವೀಪ ಮುಗಿಯುತ್ತದೆ. ಉಳಿದ ಮುಕ್ಕಾಲು ಲೀಟರು ಯಾರದು? ಕರಾರಿನ ಪ್ರಕಾರ ಮಾಲೀಕನದು. ನೆಲವನ್ನೂ ಯಂತ್ರವನ್ನೂ ಕೂಲಿಯನ್ನೂ ಬಿಟ್ಟು ಬರೀ ಭಯದಿಂದ ಹುಟ್ಟುವ ಈ ಹೆಚ್ಚುವರಿ ಮೌಲ್ಯದ ವಿಚಾರವನ್ನು ಹತ್ತೊಂಬತ್ತನೆಯ ಶತಮಾನದ ಅರ್ಥಶಾಸ್ತ್ರಜ್ಞರು ಬರೆಯದೆ ಹೋದರು. ಆಗ ಸ್ಕೂಟರು ಇರಲಿಲ್ಲ ಎಂಬ ಕಾರಣಕ್ಕೆ ಅವರನ್ನು ಕ್ಷಮಿಸಬಹುದು.

ಈ ಮುಕ್ಕಾಲು ಲೀಟರನ್ನು ಬಿಟ್ಟುಕೊಡಲು ಮಧ್ಯಮವರ್ಗದ ಮನಸ್ಸು ಒಪ್ಪುವುದಿಲ್ಲ. ಮುಕ್ಕಾಲು ಲೀಟರೆಂದರೆ ಮೂವತ್ತು ಕಿಲೋಮೀಟರು. ಜೆಟ್ಟಿಯಿಂದ ರಾಧಾನಗರಕ್ಕೆ ಹೋಗಿ ಬರಲು ಇಪ್ಪತ್ನಾಲ್ಕು. ಮಿಕ್ಕ ಆರು ಅಂಗಡಿಸಾಲಿಗೆ ಹೋಗಿ ಎಳನೀರು ಕುಡಿಯಲು. ಶನಿವಾರ ಕಂಡ ಕಡಲನ್ನೇ ಭಾನುವಾರ ಮತ್ತೆ ಕಾಣಲು ಹೋಗುವವರ ಬಗ್ಗೆ ಸೌಂದರ್ಯಮೀಮಾಂಸಕರು ಬಹಳ ಮಾತಾಡುತ್ತಾರೆ: ಕಡಲಿನ ಸೆಳೆತ, ಸಂಜೆಯ ಬಣ್ಣ, ನಿತ್ಯನೂತನತೆ ಇತ್ಯಾದಿ. ಲೆಕ್ಕ ಹಾಕಿದರೆ ಕಾರಣ ಟ್ಯಾಂಕಿನಲ್ಲಿ ಸಿಗುತ್ತದೆ. ಅದೇ ಜನ ಬಾಡಿಗೆ ಆಟೋದಲ್ಲಿ ಬಂದಿದ್ದರೆ ಎರಡನೇ ಸಲ ಹೋಗುತ್ತಿರಲಿಲ್ಲ. ಕಡಲು ಅದೇ, ಸಂಜೆ ಅದೇ, ನೋಡುವವನೂ ಅವನೇ. ಬದಲಾದದ್ದು ಮುಂಗಡ ಕೊಟ್ಟ ಪೆಟ್ರೋಲು ಮಾತ್ರ. ಒಂದೇ ರಸ್ತೆಯಲ್ಲಿ ಮತ್ತೆ ಮತ್ತೆ ಓಡಾಡಿ ಉಳಿಕೆಯನ್ನು ಕರಗಿಸುವ ಈ ಕ್ರಿಯೆಗೆ ಪ್ರವಾಸ ಸಾಹಿತ್ಯದಲ್ಲಿ ‘ದ್ವೀಪದ ಮೂಲೆಮೂಲೆ ಜಾಲಾಡುವುದು’ ಎನ್ನುತ್ತಾರೆ.

ಲಿಖಿತ ಆಧಾರ ಕೇಳುವವರಿಗೆ ಬಾಡಿಗೆ ಕರಾರುಪತ್ರವಿದೆ. ಇದು ಸ್ವರೂಪದಲ್ಲಿ ನಮ್ಮ ದಾನಶಾಸನಗಳ ನೇರ ವಾರಸುದಾರ. ಮೊದಲು ಪ್ರಭುತ್ವದ ಉಲ್ಲೇಖ ಬರುತ್ತದೆ: ಇಲ್ಲಿ 1988ರ ಮೋಟಾರು ವಾಹನ ಕಾಯ್ದೆ ಮತ್ತು ಅದರಡಿ 1997ರಲ್ಲಿ ಬಂದ ಬಾಡಿಗೆ ಮೋಟಾರ್‌ಸೈಕಲ್ ಯೋಜನೆ. ಆಮೇಲೆ ಲಾಂಛನ: ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ನಂಬರು. ಆಮೇಲೆ ದತ್ತವಸ್ತುವಿನ ವಿವರ, ಹಳೆಯ ಗೀರುಗಳ ಎಣಿಕೆ, ಸಾಕ್ಷಿಗಳ ಬದಲಿಗೆ ಮೊಬೈಲಿನಲ್ಲಿ ತೆಗೆದ ವಿಡಿಯೊ. ಕೊನೆಗೆ ಶಾಪಾಶಯ. ಶಾಸನವನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂದು ಹಳಬರು ಕೆತ್ತಿಸುತ್ತಿದ್ದರು. ಕೀ ಕಳೆದವನು ಇಷ್ಟು, ಕನ್ನಡಿ ಮುರಿದವನು ಇಷ್ಟು, ತಡವಾಗಿ ತಂದವನು ಗಂಟೆಗೆ ಇಷ್ಟು ತೆರುತ್ತಾನೆ ಎಂದು ಈಗಿನವರು ಅಚ್ಚು ಹಾಕಿಸುತ್ತಾರೆ. ಈ ಶಾಪಗಳ ಸಾಲಿನಲ್ಲೇ ‘ಉಳಿದ ಪೆಟ್ರೋಲಿಗೆ ಹಣ ವಾಪಸಿಲ್ಲ’ ಎಂಬ ಮಾತು ಬರುತ್ತದೆ. ಪೆಟ್ರೋಲು ಉಳಿಯುತ್ತದೆ ಎಂದು ಮಾಲೀಕನಿಗೆ ಮೊದಲೇ ಗೊತ್ತಿಲ್ಲದಿದ್ದರೆ ಅದನ್ನು ಬರೆಯಿಸುವ ಅಗತ್ಯವೇ ಇರಲಿಲ್ಲ. ನಮ್ಮ ಸಿದ್ಧಾಂತವನ್ನು ಅವನು ನಮಗಿಂತ ಮೊದಲೇ ಕಂಡಿದ್ದಾನೆ. ಮಂಡಿಸುವ ಕಷ್ಟ ಮಾತ್ರ ನಮ್ಮ ಪಾಲಿಗೆ ಬಿಟ್ಟಿದ್ದಾನೆ.

ಖಗೋಳವೂ ಇದಕ್ಕೆ ಸಾಕ್ಷಿ. ಹ್ಯಾವ್‌ಲಾಕ್ ಮೈಸೂರಿನ ಅಕ್ಷಾಂಶಕ್ಕೆ ಬಲು ಹತ್ತಿರ, ಎರಡೂ ಉತ್ತರಕ್ಕೆ ಹನ್ನೆರಡು ಡಿಗ್ರಿಯ ಆಸುಪಾಸು. ರೇಖಾಂಶದಲ್ಲಿ ಮಾತ್ರ ಅದು 93 ಡಿಗ್ರಿ ಪೂರ್ವದಲ್ಲಿದೆ. ಭಾರತದ ಗಡಿಯಾರವನ್ನು 82.5 ಡಿಗ್ರಿಗೆ ಕಟ್ಟಿಹಾಕಿದ್ದಾರೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಅಲ್ಲಿನ ಸೂರ್ಯ ಸರ್ಕಾರಿ ವೇಳೆಗಿಂತ 42 ನಿಮಿಷ ಮುಂದೆ, ಮೈಸೂರಿನ ಸೂರ್ಯನಿಗಿಂತ ಗಂಟೆಗೂ ಮಿಕ್ಕಿ ಮುಂದೆ. ಡಿಸೆಂಬರಿನಲ್ಲಿ ಐದು ಗಂಟೆ ದಾಟುತ್ತಿದ್ದಂತೆ ಕತ್ತಲೆ. ಕಾಲಾಪತ್ಥರಿನಲ್ಲಿ ಹುಟ್ಟಿದ ಸೂರ್ಯ ರಾಧಾನಗರದಲ್ಲಿ ಮುಳುಗುತ್ತಾನೆ; ಎರಡೂ ತುದಿಗೆ ಸ್ಕೂಟರು ಅವನ ಹಿಂದೆಯೇ ಹೋಗುತ್ತದೆ. ಮುಳುಗಿದ ಮೇಲೆ ದೀಪವಿಲ್ಲದ ಕಾಡುದಾರಿಯಲ್ಲಿ ಹನ್ನೆರಡು ಕಿಲೋಮೀಟರು ಹಿಂದಿರುಗಬೇಕಾದಾಗ, ಸಂಜೆ ಏಳಕ್ಕೆ ತಿರುಗಾಟ ಶುರುಮಾಡುವ ನಗರದವನಿಗೆ ಹೊಸ ಅನುಭವವಾಗುತ್ತದೆ. ರಸ್ತೆ ಮುಗಿಯಿತು, ಹಗಲೂ ಮುಗಿಯಿತು, ಪೆಟ್ರೋಲು ಮಾತ್ರ ಉಳಿಯಿತು.

ಈಗ ಪೂರ್ವಪಕ್ಷಗಳನ್ನು ನೋಡೋಣ. ಉಡುಪಿಯವರು ಏಳುತ್ತಾರೆ: ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ರಸ್ತೆಯೇ ಇಲ್ಲ, ಸ್ಕೂಟರೂ ಇಲ್ಲ, ನಿಮ್ಮ ಲಕ್ಷಣ ಅವ್ಯಾಪ್ತವಾಯಿತಲ್ಲ? ಇಲ್ಲ. ಸೊನ್ನೆ ಕಿಲೋಮೀಟರಿನ ರಸ್ತೆ ಸ್ಕೂಟರಿನ ಕೀ ತಿರುಗಿಸುವ ಮುಂಚೆಯೇ ಮುಗಿದಿರುತ್ತದೆ. ಆದ್ದರಿಂದ ಅದು ಪರಮದ್ವೀಪ. ಗ್ರೀನ್‌ಲ್ಯಾಂಡಿನಲ್ಲಿ ಊರಿನಿಂದ ಊರಿಗೆ ರಸ್ತೆಯಿಲ್ಲ. ಹಾಗಾಗಿ ಅದು ಒಂದು ದ್ವೀಪವೆನ್ನುವುದು ತಪ್ಪು, ಊರಿಗೊಂದರಂತೆ ಹಲವು ದ್ವೀಪ. ಅರವತ್ತೈದು ಸಾವಿರ ಚದರ ಕಿಲೋಮೀಟರಿನ ಶ್ರೀಲಂಕಾ ಒಂದು ಟ್ಯಾಂಕಿಗೆ ಬಗ್ಗುವುದಿಲ್ಲ. ಅದನ್ನು ಖಂಡವೆಂದು ಕರೆಯಲು ನಮ್ಮ ಅಭ್ಯಂತರವಿಲ್ಲ. ಪಾಂಬನ್‌ಗೆ 1988ರಲ್ಲಿ ರಸ್ತೆ ಸೇತುವೆ ಬಂತು; ಆ ವರ್ಷದಿಂದ ರಾಮೇಶ್ವರ ದ್ವೀಪವಾಗಿ ಉಳಿದಿಲ್ಲ, ಸುತ್ತಲಿನ ಸಮುದ್ರಕ್ಕೆ ಮಾತ್ರ ಈ ಸುದ್ದಿ ತಲುಪಿಲ್ಲ. ಹ್ಯಾವ್‌ಲಾಕ್‌ನಲ್ಲೇ ಇರುವ ಎಲಿಫೆಂಟ್ ಬೀಚಿಗೆ ದೋಣಿಯಲ್ಲಿ ಇಲ್ಲವೇ ಕಾಡಿನ ಕಾಲುದಾರಿಯಲ್ಲಿ ಹೋಗಬೇಕು, ಸ್ಕೂಟರು ಹೋಗದು. ಶಾಸ್ತ್ರದ ಪ್ರಕಾರ ಅದು ಹ್ಯಾವ್‌ಲಾಕ್‌ಗೆ ಅಂಟಿಕೊಂಡ ಬೇರೆ ದ್ವೀಪ. ಇದೇ ಹ್ಯಾವ್‌ಲಾಕ್‌ನಲ್ಲಿ ರಾಜನ್ ಎಂಬ ಆನೆಯಿತ್ತು. ಮರ ಎಳೆಯಲು ತಂದ ಆನೆ ಸಮುದ್ರದಲ್ಲಿ ಈಜಿ ಹೆಸರು ಮಾಡಿ 2016ರಲ್ಲಿ ಸತ್ತಿತು. ಅದರ ಮಟ್ಟಿಗೆ ರಸ್ತೆ ನೀರಿನಲ್ಲೂ ಮುಂದುವರಿಯುತ್ತಿತ್ತು. ಈಜಬಲ್ಲ ವಾಹನಕ್ಕೆ ದ್ವೀಪವೇ ಇಲ್ಲ. ದ್ವೀಪತ್ವ ಇರುವುದು ನೆಲದಲ್ಲಲ್ಲ, ವಾಹನದಲ್ಲಿ ಎಂಬ ನಮ್ಮ ಮಾತಿಗೆ ಇದಕ್ಕಿಂತ ತೂಕದ ಸಾಕ್ಷಿ ಸಿಗಲಾರದು.

ಒಂದು ಪೂರ್ವಪಕ್ಷ ಮಾತ್ರ ನಗೆಯಲ್ಲಿ ಹಾರಿಸುವಂಥದ್ದಲ್ಲ. ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ ಎಂಬ ಹೆಸರುಗಳನ್ನು ಪ್ರವಾಸೋದ್ಯಮ ಇಟ್ಟದ್ದಲ್ಲ. ದೇಶ ಒಡೆದ ಮೇಲೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ 1950ರ ದಶಕದಲ್ಲಿ ಇಲ್ಲಿ ನೆಲ ಕೊಟ್ಟು ನೆಲೆ ಮಾಡಿಸಿದರು. 2011ರ ಜನಗಣತಿಯಲ್ಲಿ ಇಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ. ಅವರ ಪಾಲಿಗೆ ರಸ್ತೆ ಮುಗಿದದ್ದು ಬಂಗಾಳದಲ್ಲಿ. ಇಲ್ಲಿ ಅದು ಶುರುವಾಯಿತು. ಜೆಟ್ಟಿಯ ಆಚೆ ಅವರಿಗೆ ದೊಡ್ಡಾಸ್ಪತ್ರೆಯಿದೆ, ಕಾಲೇಜಿದೆ, ಕಚೇರಿಯಿದೆ. ಅಲ್ಲಿಗೆ ಹೋಗಲು ಸರ್ಕಾರಿ ಹಡಗಿನಲ್ಲಿ ಎರಡೂವರೆ ಗಂಟೆ, ಗಾಳಿಮಳೆಯ ದಿನ ಅದೂ ಇಲ್ಲ. ಸ್ಕೂಟರಿನ ಪೆಟ್ರೋಲೇ ಅವರಿಗೆ ಸಮುದ್ರ ದಾಟಿ ಬರಬೇಕು. ಪ್ರವಾಸಿ ದುಡ್ಡು ಕೊಟ್ಟು ಕೊಳ್ಳುವ ‘ರಸ್ತೆ ಮುಗಿಯುವ ಸುಖ’ವೇ ಅವರ ದಿನನಿತ್ಯದ ಅಡಚಣೆ. ಹೀಗಿರುವಾಗ ರಸ್ತೆ ಮುಗಿಯುವುದನ್ನೇ ದ್ವೀಪದ ಲಕ್ಷಣ ಮಾಡಿದರೆ ಅಲ್ಲಿ ಬದುಕುವವರನ್ನೇ ಹೊರಗಿಟ್ಟಂತಾಯಿತು. ಬಿಳಿ ಹಸು ಮತ್ತೆ ಕೊಟ್ಟಿಗೆಯ ಹೊರಗೆ. ಈ ಆಕ್ಷೇಪ ಸರಿಯಾದದ್ದು. ಆದ್ದರಿಂದ ಲಕ್ಷಣಕ್ಕೆ ಒಂದು ವಿಶೇಷಣ ಸೇರಿಸುತ್ತೇವೆ: ‘ನಾಳೆ ಊರಿಗೆ ಟಿಕೆಟ್ಟು ಇರುವವನಿಗೆ’. ವಾಪಸು ಟಿಕೆಟ್ಟು ಇರುವವನಿಗೆ ಮಾತ್ರ ಅದು ದ್ವೀಪ. ಇಲ್ಲದವನಿಗೆ ಅದು ಊರು.

ಈ ವಿಶೇಷಣದಿಂದ ಇನ್ನೊಂದು ಗಂಟೂ ಬಿಚ್ಚುತ್ತದೆ. ಚೆನ್ನೈಯಿಂದಲೇ ಸುಮಾರು 1,400 ಕಿಲೋಮೀಟರು ದೂರದ ನೆಲಕ್ಕೆ, ಇರುವ ಎರಡು ದಿನದಲ್ಲಿ ಅರ್ಧ ಕಾಲ ವಿಮಾನ ಹಡಗುಗಳಲ್ಲೇ ಕಳೆದುಹೋಗುವುದು ಗೊತ್ತಿದ್ದೂ ಜನ ಯಾಕೆ ಹೋಗುತ್ತಾರೆ? ಊರಿನಲ್ಲಿ ಯಾವ ರಸ್ತೆಯೂ ಮುಗಿಯುವುದಿಲ್ಲ. ಒಂದು ಇನ್ನೊಂದಕ್ಕೆ ಸೇರಿ, ಅದು ಫ್ಲೈಓವರ್ ಹತ್ತಿ, ಕೊನೆಗೆ ಸೋಮವಾರಕ್ಕೆ ತಲುಪುತ್ತದೆ. ‘ಇನ್ನು ಮುಂದೆ ದಾರಿಯಿಲ್ಲ’ ಎಂದು ಖಚಿತವಾಗಿ ಹೇಳುವ ಜಾಗಕ್ಕೆ ನಗರದಲ್ಲಿ ಬೆಲೆ ಕಟ್ಟಲಾಗದು. ಹ್ಯಾವ್‌ಲಾಕ್‌ನಲ್ಲಿ ಅದು ಬಾಡಿಗೆಗೆ ಸಿಗುತ್ತದೆ.

ನಿಗಮನ ಇಷ್ಟು. ಪಠ್ಯಪುಸ್ತಕ ಸಮಿತಿ ಮುಂದಿನ ಪರಿಷ್ಕರಣೆಯಲ್ಲಿ ದ್ವೀಪದ ಲಕ್ಷಣದಿಂದ ನೀರನ್ನು ತೆಗೆದು ಪೆಟ್ರೋಲನ್ನು ಸೇರಿಸಬೇಕು. ಅಲ್ಲಿಯವರೆಗೆ ಓದುಗರು ಸ್ವಂತ ಹೊಣೆಯಲ್ಲಿ ಹೀಗೆ ಮಾಡಬಹುದು: ಕರಾರಿಗೆ ಸಹಿ ಹಾಕುವ ಮುನ್ನ ಗೀರುಗಳ ವಿಡಿಯೊ ತೆಗೆಯಿರಿ, ಹೆಲ್ಮೆಟ್ಟು ಹಾಕಿ, ಒಂದೂಕಾಲು ಲೀಟರಿಗಿಂತ ಹೆಚ್ಚು ಪೆಟ್ರೋಲು ಹಾಕಿಸಬೇಡಿ. ಅಷ್ಟರ ಮೇಲೂ ಉಳಿದರೆ ಮಾಲೀಕನಿಗೇ ಬಿಡಿ. ನೀವು ಹೋದ ಮೇಲೂ ಆ ರಸ್ತೆಯಲ್ಲಿ ಓಡಾಡಬೇಕಾದವನು ಅವನು.